ಪದಚರ್ಚೆ: ಹಳೇ ಕಂಪ್ಯೂಟರ್ ಬೋರ್ಡ್ ಮೇಲಿನದ್ದು ತುಕ್ಕಾ, ಕಿಲುಬಾ, ಸವಳಾ?

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ಕೇಳೋಣ ಅಂತ ಬರೀತಿದೀನಿ, ಆದ್ರೆ ಹಿನ್ನೆಲೆ ಹೇಳದೆ ಕೇಳಿದ್ರೆ ಅರ್ಥ ಆಗಲ್ಲ, ಸ್ವಲ್ಪ ಉದ್ದ ಆಗುತ್ತೆ.

ರಜಾ ದಿನ ನಾನು ಹಳೇ ಪಿಸಿಗಳನ್ನ ರಿಪೇರಿ ಮಾಡ್ತೀನಿ, 286, 386, 486 ಅನ್ನೋ ಪ್ರೊಸೆಸರ್‌ಗಳ ಕಾಲದವು. ಗುಜರಿ ಅಂಗಡಿಯಿಂದ, ಪರಿಚಯದವರ ಮನೆ ಅಟ್ಟದಿಂದ ಸಿಕ್ಕಿದ್ದು. ಒಂದೊಂದು ಮಶೀನಿಗೂ ಒಂದೊಂದು ನೋಟ್‌ಬುಕ್ ಇಟ್ಟಿದೀನಿ, ಏನು ಕೆಟ್ಟಿತ್ತು, ಏನು ಮಾಡಿದೆ, ಯಾವ ಕಂಡೆನ್ಸರ್ ಬದಲಾಯಿಸಿದೆ ಎಲ್ಲ ಅದರಲ್ಲಿರುತ್ತೆ, ಬರೆಯೋದು ಕನ್ನಡದಲ್ಲೇ. ಇಷ್ಟು ದಿನ ತೊಂದ್ರೆ ಆಗಿರಲಿಲ್ಲ, ಅಂಗಡಿಯವರು ಆಡೋ ಮಾತನ್ನೇ ಬರೀತಿದ್ದೆ: ಪ್ರಿಂಟ್ ಕಟ್ ಆಗಿದೆ, ಜಂಪರ್ ಹಾಕಿದೆ, ಡ್ರೈ ಸೋಲ್ಡರ್ ಇತ್ತು, ಕಂಡೆನ್ಸರ್ ಉಬ್ಬಿತ್ತು. (ಬೋರ್ಡ್ ಮೇಲಿನ ತಾಮ್ರದ ಗೆರೆಗೆ ರಿಪೇರಿಯವರು ಪ್ರಿಂಟ್ ಅಂತಾರೆ, ಅದು ಕಟ್ ಆದ ಕಡೆ ಸೇರಿಸೋ ತಂತಿಗೆ ಜಂಪರ್, ಸರಿಯಾಗಿ ಹಿಡಿಯದ ಬೆಸುಗೆಗೆ ಡ್ರೈ ಸೋಲ್ಡರ್.)

ಹೋದ ತಿಂಗಳು ದೊಡ್ಡಪ್ಪನ ಮನೆ ಅಟ್ಟದಿಂದ ಒಂದು 386 ಇಳಿಸಿದ್ವಿ. ಒಳಗೆ ಸಿಡ್ಯಾಕ್ ಅನ್ನೋ ಸರ್ಕಾರಿ ಕಂಪ್ಯೂಟರ್ ಸಂಸ್ಥೆಯವರ ಜಿಸ್ಟ್ ಕಾರ್ಡ್ ಇದೆ, ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದಲ್ಲಿ ಪರದೆ ಮೇಲೆ ಕನ್ನಡ ಮೂಡಿಸ್ತಿದ್ದ ಕಾರ್ಡ್ ಅದು, ಹಾಗಾಗಿ ಈ ಮಶೀನ್ ಹೇಗಾದ್ರೂ ಏಳಲೇಬೇಕು ಅಂತ ನನಗೆ ಹಟ. ಬಿಚ್ಚಿ ನೋಡಿದ್ರೆ ಬೋರ್ಡಿನ ಮೂಲೆಯಲ್ಲಿ ಬ್ಯಾಟರಿ ಸೋರಿ ಕೀಬೋರ್ಡ್ ಕನೆಕ್ಟರ್ ತನಕ ಹರಿದಿದೆ, ಅಲ್ಲೊಂದು ಬಣ್ಣ ಇಲ್ಲೊಂದು ಬಣ್ಣ, ಬಿಳಿ ಪುಡಿ, ಹಸಿರು ಪೊರೆ, ಸ್ಕ್ರೂ ಮೇಲೆ ಕಂದು.

ನಾನು ನೋಟ್‌ಬುಕ್‌ನಲ್ಲಿ 'ತುಕ್ಕು ಹಿಡಿದಿದೆ' ಅಂತ ಬರೆದೆ. ಪಕ್ಕದಲ್ಲೇ ನಿಂತಿದ್ದ ದೊಡ್ಡಮ್ಮ ನೋಡಿ, 'ತುಕ್ಕೆಲ್ಲಿ ಬಂತೋ, ಇದು ಕಿಲುಬು' ಅಂದ್ರು. ಆಮೇಲೆ ಬೋರ್ಡ್ ಎತ್ಕೊಂಡು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿಗೆ ಹೋದೆ, ಅಲ್ಲಿ ರಿಪೇರಿ ಮಾಡೋ ಹುಡುಗ 'ಫುಲ್ ಕಾರ್ಬನ್ ಬಂದಿದೆ ಸಾರ್' ಅಂದ. ಗಂಗಾವತಿ ಕಡೆಯ ಗೆಳೆಯನಿಗೆ ಫೋಟೋ ಕಳಿಸಿದ್ರೆ ಅವನು 'ನಮ್ಮ ಹೊಲದಾಗ ಸವಳು ಎದ್ದಂಗ ಐತಲ್ಲೋ' ಅಂತ ಬರೆದ. ಒಂದೇ ಬೋರ್ಡು, ನಾಲ್ಕು ಜನ, ನಾಲ್ಕು ಪದ. ಅಲ್ಲಿಂದ ತಲೆ ಕೆಟ್ಟಿದೆ.

ಕೂತು ಯೋಚಿಸಿದಾಗ ಗೊತ್ತಾಗಿದ್ದು, ಕಾರ್ಬನ್ ಒಂದು ಬಿಟ್ಟು ಮಿಕ್ಕ ಮೂವರ ಪದಾನೂ ಸರಿನೇ, ಮೂವರೂ ಬೇರೆ ಬೇರೆ ಜಾಗ ನೋಡಿ ಹೇಳಿದ್ರು ಅಷ್ಟೇ!

ಮೊದ್ಲು ಬ್ಯಾಟರಿ ಅಲ್ಲಿಗೆ ಯಾಕೆ ಬಂತು ಅಂತ ಹೇಳ್ಬೇಕು. 1981ರ ಐಬಿಎಂ ಪಿಸಿಯಲ್ಲಿ ಗಡಿಯಾರನೇ ಇರಲಿಲ್ಲ, ಆನ್ ಮಾಡಿದಾಗೆಲ್ಲ ತಾರೀಕು ಟೈಮು ನಾವೇ ಕೊಡ್ಬೇಕಿತ್ತು. 1984ರ ಎಟಿ ಮಾಡೆಲ್‌ಗೆ ಗಡಿಯಾರ ಬಂತು, ಸೆಟ್ಟಿಂಗ್ ನೆನಪಿಟ್ಟುಕೊಳ್ಳೋ ಸೀಮಾಸ್ ಬಂತು, ಅದಕ್ಕೆ ಬ್ಯಾಟರಿ ಬೇಕಾಯ್ತು. ಎಟಿ ಥರದ ಬೋರ್ಡ್ ಮಾಡಿದ ಬೇರೆ ಬೇರೆ ತಯಾರಕರು 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿನ ಬೋರ್ಡಿಗೇ ಬೆಸೆದುಬಿಟ್ರು. ಆನ್ ಇದ್ದಾಗ ಚಾರ್ಜ್ ಆಗುತ್ತೆ, ಆಫ್ ಇದ್ದಾಗ ಗಡಿಯಾರ ನಡೆಸುತ್ತೆ. ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿದ್ರೆ ಸೋರುತ್ತೆ.

ಸೋರೋದು ಏನು? ಎಲ್ರೂ 'ಆಸಿಡ್ ಸೋರಿದೆ' ಅಂತಾರೆ, ನಾನೂ ಹಾಗೇ ಬರೀತಿದ್ದೆ, ಅದು ತಪ್ಪು. ಕಾರ್ ಬ್ಯಾಟರಿಯಲ್ಲಿ ಇರೋದು ಆಸಿಡ್, ಈ ಬ್ಯಾಟರಿಯಲ್ಲಿ ಇರೋದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಪಕ್ಕಾ ಕ್ಷಾರ. ಇದು ಬರೀ ಪದದ ತಕರಾರಲ್ಲ, ಆಸಿಡ್ ಅಂತ ನಂಬಿ ಅಡುಗೆ ಸೋಡಾ ಹಾಕಿ ಉಜ್ಜೋರು ಇದಾರೆ, ಕ್ಷಾರಕ್ಕೆ ಸೋಡಾ ಹಾಕಿ ಏನೂ ಪ್ರಯೋಜನ ಇಲ್ಲ, ಹುಳಿ ಹಾಕ್ಬೇಕು. ವಿನೆಗರ್ ಅಥವಾ ನಿಂಬೆರಸ.

ಆ ಕ್ಷಾರ ಗಾಳಿ ತಗುಲಿ ಪೊಟ್ಯಾಸಿಯಂ ಕಾರ್ಬೊನೇಟ್ ಆಗಿ ಬಿಳಿ ಪುಡಿ ಕಟ್ಟುತ್ತೆ. ಗೆಳೆಯ ಸವಳು ಅಂದಿದ್ದು ಇದನ್ನೇ. ತುಂಗಭದ್ರಾ ಕಾಲುವೆ ಕಡೆ ಜಾಸ್ತಿ ನೀರು ಕಟ್ಟಿ ಕಟ್ಟಿ ಹೊಲದ ಮೇಲೆ ಬೆಳ್ಳಗೆ ಉಪ್ಪು ಏಳುತ್ತಲ್ಲ, 'ಸವಳು ಜವಳು' ಅಂತ ಜೋಡಿಯಾಗಿ ಹೇಳ್ತಾರೆ, ನಮ್ಮ ಕಡೆ ಚೌಳು. ಮಣ್ಣಲ್ಲಿ ಮುಖ್ಯವಾಗಿ ಸೋಡಿಯಂ, ಬೋರ್ಡ್ ಮೇಲೆ ಪೊಟ್ಯಾಸಿಯಂ, ಮಿಕ್ಕಂತೆ ಹತ್ತಿರದ ನೆಂಟರೇ. ಅವನು ಕೆಮಿಸ್ಟ್ರಿ ಯೋಚಿಸಿ ಹೇಳಿದ್ದಲ್ಲ, ಕಣ್ಣಿಗೆ ಕಂಡಿದ್ದು ಹೇಳಿದ, ಅದೇ ಸರಿಯಾಯ್ತು.

ಕ್ಷಾರ ಹರಿದು ಹರಿದು ತಾಮ್ರದ ಗೆರೆ ಮುಟ್ಟಿದ ಕಡೆ ಹಸಿರು. ಇದು ದೊಡ್ಡಮ್ಮನ ಕಿಲುಬು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಮೊಸರು ಬಿಟ್ರೆ ಕಿಲುಬುತ್ತಲ್ಲ, ಅದೇ. ಕಂದು ಬಣ್ಣದ್ದು ಕಬ್ಬಿಣದ ಸ್ಕ್ರೂ, ಕಾರ್ಡಿನ ಹಿಂದಿನ ಪಟ್ಟಿ ಮೇಲೆ ಮಾತ್ರ ಇತ್ತು, ಅದೊಂದೇ ನಿಜವಾದ ತುಕ್ಕು.

ಅಕ್ಕಪಕ್ಕದ ಭಾಷೆಗಳಲ್ಲೂ ಈ ಭೇದ ಇದೆ. ತೆಲುಗಲ್ಲಿ ಕಬ್ಬಿಣದ್ದು ತುಪ್ಪು, ತಾಮ್ರ ಹಿತ್ತಾಳೆಯದ್ದು ಚಿಲುಮು. ತಮಿಳಲ್ಲಿ ತುರು, ಕಳಿಂಬು. ನಮ್ಮ ಕಿಲುಬು, ತೆಲುಗಿನ ಚಿಲುಮು ಒಂದೇ ಬೇರಿನವು ಅಂತ ನನಗನ್ಸುತ್ತೆ, ಕಿವಿ ಅಲ್ಲಿ ಚೆವಿ, ಕೆರೆ ಅಲ್ಲಿ ಚೆರುವು ಆಗೋ ಥರ. ಇನ್ನೊಂದು, ತೆಲುಗಲ್ಲೂ ತುಕ್ಕು ಅನ್ನೋ ಪದ ಇದೆ, ಆದ್ರೆ ಅದಕ್ಕೆ ಅಲ್ಲಿ ಗುಜರಿ, ಕಸ ಅನ್ನೋ ಅರ್ಥ. ಆಂಧ್ರದ ಕಡೆಯೋರ ಹತ್ರ ಹಳೇ ಕಂಪ್ಯೂಟರ್ ಬಗ್ಗೆ ತುಕ್ಕು ಅಂದ್ರೆ ಮಾತೇ ಬೇರೆ ಆಗಿಬಿಡುತ್ತೆ.

ನನಗೆ ಖುಷಿಯಾಗಿದ್ದು ಏನಂದ್ರೆ ಈ ಮೂರು ಪದ ಇಟ್ಕೊಂಡ್ರೆ ಏನು ಮಾಡ್ಬೇಕು ಅನ್ನೋದೂ ತಾನಾಗೇ ಬರುತ್ತೆ. ಸವಳು ಇದ್ರೆ ಹುಳಿ ಹಾಕಿ ಡಿಸ್ಟಿಲ್ಡ್ ನೀರಲ್ಲಿ ತೊಳೆದ್ರೆ ಹೋಗುತ್ತೆ. ಕಿಲುಬಿದ್ರೆ ಕೆರೆದು ಬೆಳಗಬೇಕು, ಕೆಳಗೆ ತಾಮ್ರ ಉಳಿದಿದೆಯಾ ಅಂತ ಮೀಟರ್ ಹಿಡಿದು ನೋಡ್ಬೇಕು, ತಿಂದು ಹೋಗಿದ್ರೆ ಜಂಪರ್. ತುಕ್ಕಿದ್ರೆ ಸ್ಕ್ರೂ ಬದಲಾಯಿಸಿದ್ರೆ ಮುಗೀತು. 'ಪಾತ್ರೆ ಬೆಳಗು' ಅನ್ನೋ ಬೆಳಗು ಇಲ್ಲಿಗೆ ಎಷ್ಟು ಚೆನ್ನಾಗಿ ಹೊಂದುತ್ತೆ ನೋಡಿ, ಕಪ್ಪಾದ ಗೆರೆ ಉಜ್ಜಿ ಕೆಂಪು ತಾಮ್ರ ಹೊಳೆಯೋ ಹಾಗೆ ಮಾಡೋದು. ಬೆಳಗಿದ ಮೇಲೆ ಬರೀ ತಾಮ್ರ ಬಿಟ್ರೆ ಮತ್ತೆ ಕಿಲುಬುತ್ತೆ, ಅದಕ್ಕೆ ಬೆಸುಗೆ ಸೀಸವನ್ನ ತೆಳ್ಳಗೆ ಸವರ್ತೀವಿ, ಅದು ತವರ ಸೀಸ ಸೇರಿದ್ದು. ಕಲಾಯಿಯವರು ಪಾತ್ರೆಗೆ ತವರ ಸವರೋ ಕೆಲಸನೇ ಇದು, ಹಾಗಾಗಿ 'ಪ್ರಿಂಟಿಗೆ ಕಲಾಯಿ ಹಾಕಿದೆ' ಅಂತಲೇ ಬರೀತಿದೀನಿ. ಒಂದು ಎಚ್ಚರಿಕೆ, ಕಲಾಯಿಯವರು ನವಸಾಗರ ಬಳಸ್ತಾರೆ, ಅದು ಬೋರ್ಡಿಗೆ ಹಾಕಬಾರದು, ಉಳಿದದ್ದು ತಾಮ್ರ ತಿನ್ನುತ್ತೆ, ಇಲ್ಲಿಗೆ ರಾಳ ಇರೋ ಫ್ಲಕ್ಸೇ (ಬೆಸುಗೆ ಚೆನ್ನಾಗಿ ಹಿಡಿಯೋಕೆ ಹಚ್ಚೋದು) ಆಗ್ಬೇಕು. ಹೆಚ್ಚಾದ ಸೀಸ ಹೀರೋಕೆ ಬಳಸೋ ತಾಮ್ರದ ಹೆಣಿಗೆಗೆ ಅಂಗಡಿಯಲ್ಲಿ ವಿಕ್ ಅಂತಾರೆ, ನಾನು ಬತ್ತಿ ಅಂತ ಬರೀತೀನಿ, ದೀಪದ ಬತ್ತಿ ಎಣ್ಣೆ ಹೀರೋ ಹಾಗೇ ಅದು ಸೀಸ ಹೀರುತ್ತೆ.

ಈಗ ನನ್ನ ಪ್ರಶ್ನೆ. ಮೂರನ್ನೂ ಸೇರಿಸಿ ಹೇಳೋ ಒಂದು ಪದ ಬೇಕಾದಾಗ ಏನು ಮಾಡೋದು? 'ಬ್ಯಾಟರಿ ಸೋರಿ ಬೋರ್ಡಿಗೆ ಆದ ___' ಅಂತ ನೋಟ್‌ಬುಕ್ ಮೊದಲ ಪುಟದಲ್ಲಿ ಬರೀಬೇಕು. ಪುಸ್ತಕದಲ್ಲಿ ಕರೋಷನ್‌ಗೆ ಸಂಕ್ಷಾರಣ, ನಶಿಸುವಿಕೆ ಅನ್ನೋ ಪದ ಇವೆ. ಸಂಕ್ಷಾರಣದಲ್ಲಿ ಕ್ಷಾರ ಇರೋದು ಇಲ್ಲಿಗೆ ಹೊಂದುತ್ತೆ, ಆದ್ರೆ ಬಾಯಲ್ಲಿ ಯಾರೂ ಆಡಲ್ಲ. ನಶಿಸುವಿಕೆ ಅಂದ್ರೆ ಪೂರ್ತಿ ನಾಶ ಆದ ಹಾಗೆ ಕೇಳುತ್ತೆ, ಎಷ್ಟೋ ಬೋರ್ಡ್ ಉಳಿಯುತ್ತೆ. ನನ್ನ ಮನಸ್ಸು 'ತಿಂದಿದೆ' ಅನ್ನೋ ಕ್ರಿಯಾಪದದ ಕಡೆಗಿದೆ, 'ಬ್ಯಾಟರಿ ಬೋರ್ಡ್ ತಿಂದಿದೆ'. ಅದರಿಂದ ನಾಮಪದ ಮಾಡೋದು ಹೇಗೆ? ತಿನಿತ ಅನ್ನೋಕಾಗುತ್ತಾ? ಕೊರೆತ ಅಂದ್ರೆ ಕಡಲ್ಕೊರೆತ ನೆನಪಾಗುತ್ತೆ.

ಎರಡನೇದು ಚಿಕ್ಕ ಪ್ರಶ್ನೆ. ಈ ಮಶೀನಿಗೆ ನಾನು ಮಾಡಿದ್ದು ಬರೀ ರಿಪೇರಿ ಅಲ್ಲ. ಸೋರೋ ಬ್ಯಾಟರಿ ಕಿತ್ತು 3 ವೋಲ್ಟಿನ ಗುಂಡಿ ಸೆಲ್ ಹಾಕಿದೆ, ಬೋರ್ಡ್ ಅದನ್ನ ಚಾರ್ಜ್ ಮಾಡಬಾರದು ಅಂತ ಕರೆಂಟನ್ನ ಒಂದೇ ಕಡೆ ಬಿಡೋ ಒಂದು ಡಯೋಡ್ ಕೂಡ. ರ್‍ಯಾಮ್ 4 ಎಂಬಿ ಇತ್ತು, ಇನ್ನೊಂದು ಸಾಲು ತುಂಬಿ 8 ಮಾಡಿದೆ, ನಾಲ್ಕು ನಾಲ್ಕಾಗೇ ಹಾಕ್ಬೇಕು ಯಾಕಂದ್ರೆ ಒಂದೊಂದು ಪಟ್ಟಿ 8 ಬಿಟ್, ಪ್ರೊಸೆಸರ್ 32 ಬಿಟ್. ಹಾರ್ಡ್ ಡಿಸ್ಕ್ ಸತ್ತಿತ್ತು, ಅದರ ಜಾಗಕ್ಕೆ ಕಾಂಪ್ಯಾಕ್ಟ್ ಫ್ಲ್ಯಾಶ್ ಅನ್ನೋ ಮೆಮೊರಿ ಕಾರ್ಡ್, ಹಳೇ ಬಯಾಸ್ (ಮಶೀನ್ ಆನ್ ಆದಾಗ ಮೊದಲು ಓಡೋ ಪ್ರೋಗ್ರಾಂ) 504 ಎಂಬಿಗಿಂತ ಆಚೆ ನೋಡಲ್ಲ, ಆದ್ರೆ ಡಾಸ್‌ಗೆ ಅಷ್ಟು ಬೇಕಾದಷ್ಟಾಯ್ತು. ಇದಕ್ಕೆ ಪೇಪರ್‌ನವರ 'ಮೇಲ್ದರ್ಜೆಗೇರಿಸು' ಬರೆಯೋಕೆ ಕೈ ಏಳಲ್ಲ, ಅದು ಆಸ್ಪತ್ರೆಗೆ, ಶಾಲೆಗೆ. ಜೀರ್ಣೋದ್ಧಾರ ಅಂದ್ರೆ ದೇವಸ್ಥಾನ ನೆನಪಾದ್ರೂ ಅರ್ಥ ಹತ್ತಿರ ಬರುತ್ತೆ, ಹಳೇದು ಉಳಿಸ್ಕೊಂಡು ಬೇಕಾದ ಕಡೆ ಹೊಸ ಕಲ್ಲು ಕೂರಿಸೋದು. ಆದ್ರೆ ರ್‍ಯಾಮ್ ಜಾಸ್ತಿ ಮಾಡೋದು ಜೀರ್ಣೋದ್ಧಾರನಾ? ನನಗೆ ಅಲ್ಲ ಅನ್ಸುತ್ತೆ. ನೀವೇನಂತೀರಿ?

ಇನ್ನು ಕಿಲುಬಿಗೆ ಧಾರವಾಡ, ಕಲಬುರಗಿ ಕಡೆ, ಕರಾವಳಿ ಕಡೆ ಬೇರೆ ಪದ ಇದ್ರೆ ದಯವಿಟ್ಟು ತಿಳಿಸಿ, ತುಳು ಕೊಂಕಣಿಯವರೂ ಹೇಳಿ. ಕಲಾಯಿ ಕೆಲಸ ಹತ್ತಿರದಿಂದ ನೋಡಿದೋರು ಯಾರಾದ್ರೂ ಇದ್ರೆ, ಪಾತ್ರೆಯಲ್ಲಿ ಕಿಲುಬು ಲೋಹನ ತೂತು ಬೀಳೋವರೆಗೂ ತಿಂದಿದ್ರೆ ಅದಕ್ಕೆ ಅವರು ಏನಂತಿದ್ರು ಅಂತ ಬರೀರಿ, ನನ್ನ ಬೋರ್ಡಿನಲ್ಲಿ ಅಂಥ ಜಾಗ ಎರಡಿವೆ, ನೋಟ್‌ಬುಕ್‌ನಲ್ಲಿ ಅಲ್ಲಿಗೆ ಖಾಲಿ ಬಿಟ್ಟಿದೀನಿ.