ಮನೆ ಬಾಗಿಲಿಗೆ ಬಂದು ‘ನಿಮ್ಮ ಮಾಳಿಗೆ ಸೋರುತ್ತೆ’ ಅಂದರೆ

ಪ್ರಶ್ನೆ: ಸರ್, ಕೊಪ್ಪಳದಲ್ಲಿ ಅಪ್ಪ-ಅವ್ವ ಇಬ್ಬರೇ ಇರ್ತಾರೆ, ನಾನು ಬೆಂಗಳೂರಲ್ಲಿ. ಯಾರೋ ಇಬ್ಬರು ಬಂದು, ‘ಪಕ್ಕದ ಓಣಿಯಲ್ಲಿ ವಾಟರ್‌ಪ್ರೂಫ್ ಕೆಲಸ ಮಾಡಿದ್ವಿ, ಕೆಮಿಕಲ್ ಉಳಿದಿದೆ, ನಿಮಗೆ ಅರ್ಧ ರೇಟಿಗೆ ಹಾಕ್ತೀವಿ’ ಅಂದರಂತೆ. ಸುತ್ತಿಗೆಯಿಂದ ಬಡಿದು ಗಿಲಾವು ಉದುರಿದ್ದನ್ನೂ ತೋರಿಸಿದರಂತೆ. ಅಪ್ಪ ಅಡ್ವಾನ್ಸ್ ಕೊಟ್ಟಿದ್ದಾರೆ. ನಾಳೆ ಬರ್ತಾರಂತೆ. ಮಾಡಿಸೋದಾ?

ಉತ್ತರ (ಸಿವಿಲ್ ಗುತ್ತಿಗೆದಾರ, ಬಳ್ಳಾರಿ): ಬೇಡ ಅಕ್ಕಾ. ಇನ್ನೊಂದು ರೂಪಾಯಿನೂ ಕೊಡಬೇಡಿ, ಮಾಳಿಗೆ ಹತ್ತಿಸಲೂಬೇಡಿ.

ಹಳೇ ಗಿಲಾವಿಗೆ ಸುತ್ತಿಗೆಯಿಂದ ಬಡಿದರೆ ಯಾರ ಮನೆಯದ್ದೂ ಉದುರುತ್ತೆ. ಅದಕ್ಕೂ ಸ್ಲ್ಯಾಬ್ ಸೋರೋದಕ್ಕೂ ಸಂಬಂಧವಿಲ್ಲ. ಒಳಗೆ ನಿಂತು ಮೇಲೆ ನೋಡಿ, ಒದ್ದೆ ಕಲೆ ಇದೆಯಾ? ಇಲ್ಲ ಅಂದರೆ ಅವಸರವೇ ಇಲ್ಲ. ಇನ್ನು ‘ಉಳಿದ ಕೆಮಿಕಲ್’ ಮಾತು. ಪುಡಿಗೆ ದ್ರಾವಣ ಸೇರಿಸಿ ಕಲಸುವ ಕೋಟಿಂಗ್ ಸ್ವಲ್ಪ ಹೊತ್ತಿನಲ್ಲೇ ಗಟ್ಟಿಯಾಗುತ್ತೆ. ಕಲಸಿ ಉಳಿದದ್ದನ್ನು ಇನ್ನೊಂದು ಮನೆಗೆ ಹೊತ್ತು ತರೋಕೆ ಆಗಲ್ಲ. ಬಕೆಟ್‌ನಲ್ಲಿ ಬರೋದು ಬಹಳ ಸಲ ನೀರು ಬೆರೆಸಿದ ಬಣ್ಣ, ಇಲ್ಲ ಬರೀ ಸಿಮೆಂಟ್ ಹಾಲು.

ಸರಿಯಾದ ಮೇಸ್ತ್ರಿ ಮೊದಲು ಮಾಳಿಗೆ ಅಳೆದು, ಚದರ ಅಡಿಗೆ ಇಷ್ಟು ಅಂತ ಬರೆದು ಕೊಡ್ತಾನೆ. ಸೀಲ್ ಒಡೆಯದ ಡಬ್ಬಿ ತರ್ತಾನೆ. ಪಾಚಿ ಉಜ್ಜಿ, ತೊಳೆದು, ಬಿರುಕು ತುಂಬಿ, ಆಮೇಲೆ ಕೋಟು. ಒಂದು ಕೋಟು ಒಣಗಿದ ಮೇಲೆ ಇನ್ನೊಂದು. ಎರಡು ಗಂಟೆಯಲ್ಲಿ ಮುಗಿಯೋ ಕೆಲಸ ಅಲ್ಲ. ಪೂರ್ತಿ ಒಣಗಿದ ಮೇಲೆ ನೀರು ಹೋಗೋ ಪೈಪಿನ ಬಾಯಿ ಮುಚ್ಚಿ, ಎರಡು ದಿನ ನೀರು ನಿಲ್ಲಿಸಿ ನೋಡಬೇಕು. ಒಳಗೆ ತೇವ ಕಾಣದಿದ್ದರೆ ಮಾತ್ರ ಕೊನೇ ಕಂತು.

ಬಾಗಿಲಲ್ಲಿ ಹೇಳೋಕೆ ಅಪ್ಪನಿಗೆ ಒಂದೇ ಮಾತು ಕಲಿಸಿ: ‘ಮಗಳು ನೋಡಬೇಕು, ವಿಳಾಸ ಬರೆದು ಕೊಟ್ಟು ಹೋಗಿ.’ ಮೋಸ ಮಾಡೋರು ಬಹಳ ಸಲ ವಿಳಾಸ ಬರೆಯಲ್ಲ. ಜೋರು ಮಾಡಿದರೆ 112ಕ್ಕೆ ಫೋನ್.

ಪ್ರಶ್ನೆ: ಸರ್, ನಮ್ಮದು ಗಂಗಾವತಿ. ಅತ್ತೆ ಆಗಲೇ ಮಾಡಿಸಿಬಿಟ್ಟಿದ್ದಾರೆ. ಮೊದಲ ಮಳೆಗೇ ಹಾಳೆ ಹಾಳೆಯಾಗಿ ಎದ್ದು ಬಂತು. ಎಷ್ಟು ಕೊಟ್ಟರು ಅಂತಾನೂ ಹೇಳ್ತಿಲ್ಲ.

ಉತ್ತರ: ದಯವಿಟ್ಟು ಬೈಯಬೇಡಿ. ಬೈದರೆ ಮುಂದಿನ ಸಲ ಪೂರ್ತಿ ಮುಚ್ಚಿಡ್ತಾರೆ, ಆ ಹೊತ್ತಿಗೆ ಹೋಗೋ ದುಡ್ಡೂ ಜಾಸ್ತಿ. ಮೋಸ ಮಾಡಿದ್ದು ಅವರು, ಅತ್ತೆ ಅಲ್ಲ ಅಲ್ವಾ? ಸಮಾಧಾನವಾಗಿ ಕೂತು ಕೇಳಿ: ಎಷ್ಟು ಜನ, ಯಾವ ಗಾಡಿ, ದುಡ್ಡು ಹೇಗೆ ಕೊಟ್ಟರು. ಫೋನಿಂದ ಕಳಿಸಿದ್ದರೆ ಆ ನಂಬರಿನ ಸ್ಕ್ರೀನ್‌ಶಾಟ್ ತೆಗೆದುಕೊಂಡು ಠಾಣೆಯಲ್ಲಿ ದೂರು ಕೊಡಿ. ಅವರು ಅತ್ತೆಯ ಫೋನನ್ನೇ ಕೈಗೆ ತಗೊಂಡು ಒತ್ತಿದ್ದರೆ ಇವತ್ತೇ ಬ್ಯಾಂಕಿಗೆ ತಿಳಿಸಿ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಫೋನ್ ಮಾಡಿ. ಬಿಲ್, ವಿಳಾಸ ಏನಾದರೂ ಸಿಕ್ಕರೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು, ಕೆಲಸಕ್ಕೆ ಕೊಟ್ಟ ದುಡ್ಡು 5 ಲಕ್ಷದವರೆಗಿದ್ದರೆ ದೂರಿಗೆ ಶುಲ್ಕ ಇಲ್ಲ. ಹಿರಿಯರಿಗೆಂದೇ ಇರುವ ಸಹಾಯವಾಣಿ 14567. ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ.

ಎದ್ದ ಪದರದ ಮೇಲೆ ಮತ್ತೆ ಬಳಿಸಬೇಡಿ. ಪೂರ್ತಿ ಕೆರೆಸಿ ತೆಗೆಸಿ, ಮಳೆ ನಿಂತು ಮಾಳಿಗೆ ಒಣಗಿದ ಮೇಲೇ ಹೊಸ ಕೆಲಸ ಶುರು ಮಾಡಿಸಿ.