ಸಹಾಯ ಬೇಕು: ಅವ್ವನಿಗೆ ಇಟಾಲಿಯನ್ ಊಟ ಹುಬ್ಬಳ್ಳಿಯಲ್ಲಿ ಎಲ್ಲಿ?

ಎಲ್ಲರಿಗೂ ನಮಸ್ಕಾರ ರೀ. ಮುಂದಿನ ಭಾನುವಾರ ನಮ್ಮ ಅವ್ವನಿಗೆ 60 ತುಂಬುತ್ತದೆ. ನವಲಗುಂದದಿಂದ ಬರುತ್ತಿದ್ದಾಳೆ. ಟಿವಿಯಲ್ಲಿ ಪಾಸ್ತಾ ನೋಡಿ "ನಮ್ಮ ಶಾವಿಗಿ ಇದ್ದಂಗ ಐತಿ, ಒಮ್ಮೆ ತಿಂದು ನೋಡಬೇಕು" ಅಂದಿದ್ದಳು. ಆ ಮಾತು ನನ್ನ ಮನಸ್ಸಿನಲ್ಲೇ ಉಳಿದಿದೆ.

ವಿದ್ಯಾನಗರ, ಕೇಶ್ವಾಪುರ, ಗೋಕುಲ ರಸ್ತೆ ಕಡೆ ಗದ್ದಲವಿಲ್ಲದ, ಮನೆಮಂದಿ ಆರಾಮಾಗಿ ಕೂತು ಮಾತಾಡುತ್ತಾ ತಿನ್ನುವಂಥ ಜಾಗ ಇದ್ದರೆ ಹೇಳಿ. ಧಾರವಾಡ ಆದರೂ ನಡೆಯುತ್ತದೆ.

ಅವ್ವ ತತ್ತಿ ಕೂಡ ಮುಟ್ಟುವುದಿಲ್ಲ. ನನಗೆ ಚಿಂತೆ ಇರುವುದೇ ಇಲ್ಲಿ. ಒಣ ಪಾಸ್ತಾವನ್ನು ಸಾಮಾನ್ಯವಾಗಿ ಡುರಮ್ ಗೋಧಿ ರವೆ, ನೀರು ಹಾಕಿ ಮಾಡುತ್ತಾರೆ. ನಮ್ಮ ಬನ್ಸಿ ರವೆಯೂ ಅದೇ ಜಾತಿಯ ಗೋಧಿಯದು. ಆದರೆ ಹಸಿ ಪಾಸ್ತಾದಲ್ಲಿ ತತ್ತಿ ಇರುವುದು ಜಾಸ್ತಿ. ಇಟಲಿಯ ಅಸಲಿ ಪಾರ್ಮಿಜಾನೊ ಚೀಸ್‌ಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಪೆಸ್ಟೊ ಅಂದರೆ ಪಾಸ್ತಾಕ್ಕೆ ಹಾಕುವ ಹಸಿರು ಚಟ್ನಿ, ಅದರಲ್ಲೂ ಆ ಚೀಸ್ ಬೀಳುತ್ತದೆ. ಹಿಂದೆ ಒಂದು ಕಡೆ ತಿರಾಮಿಸು ಎಂಬ ಇಟಾಲಿಯನ್ ಸಿಹಿ ಪೂರ್ತಿ ವೆಜ್ ಅಂದಿದ್ದರು, ತಿಂದ ಮೇಲೆ ತತ್ತಿ ಇದೆ ಎಂದು ಗೊತ್ತಾಯಿತು. ಅವ್ವನಿಗೆ ಹಾಗಾಗುವುದು ಬೇಡ.

ಅದಕ್ಕೇ, ನೀವೇ ಹೋಗಿ ಉಂಡ ಜಾಗವನ್ನೇ ಹೇಳಿ. ಕೇಳಿದರೆ ಅಡುಗೆಯವರು ಸರಿಯಾಗಿ ಉತ್ತರ ಕೊಡುತ್ತಾರಾ? ಪಾಸ್ತಾ ಸ್ವಲ್ಪ ಮೆತ್ತಗೆ ಬೇಯಿಸಿ ಕೊಡುತ್ತಾರಾ? ಅವ್ವನಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲು ಆಗುವುದಿಲ್ಲ. ಶುಕ್ರವಾರದೊಳಗೆ ತಿಳಿಸಿದರೆ ಟೇಬಲ್ ಹಿಡಿದಿಡುತ್ತೇನೆ.