ವರದಾ ದಂಡೆಯ ತಡೆಗೋಡೆ ವಾಲಿದೆ, ಅದೂ ಹೊಳೆ ಇಳಿದ ಮೇಲೆ. ಯಾಕೆ?

ಹೊಳೆದಂಡಿ ರೈತ:
ಎಲ್ಲರಿಗೂ ನಮಸ್ಕಾರ. ಹಾವೇರಿ ತಾಲೂಕಿನಲ್ಲಿ ವರದಾ ಹೊಳೆಗೆ ಹತ್ತಿಕೊಂಡೇ ನಮ್ಮ ಹೊಲ. ಪಂಪ್‌ಸೆಟ್ ಮನೆ ಅಂಗಳ ಕುಸಿಯಬಾರದು ಅಂತ ನಾಲ್ಕು ವರ್ಷದ ಹಿಂದೆ ಕಲ್ಲಿನ ಗೋಡೆ ಕಟ್ಟಿಸಿದ್ವಿ. ಉದ್ದ 14 ಮೀಟರ್, ಎತ್ತರ 8 ಅಡಿ. ಹಿಂದೆ ತುಂಬಿದ್ದು ಅಲ್ಲೇ ಅಗೆದ ಎರೆಮಣ್ಣು.

ಹೋದ ಆಗಸ್ಟ್‌ನಲ್ಲಿ ಸಾಗರ, ಸೊರಬದ ಕಡೆ ಜೋರು ಮಳೆ. ನಮ್ಮಲ್ಲಿ ಬಿಸಿಲಿದ್ದರೂ ಹೊಳೆ ಬಂತು. ಗೋಡೆ ತಲೆಗೆ ಒಂದು ಗೇಣು ಬಿಟ್ಟು ನಾಲ್ಕು ದಿನ ನೀರು ನಿಂತಿತ್ತು. ಆಗ ಏನೂ ಆಗಲಿಲ್ಲ. ನೀರು ಇಳಿದ ಎರಡನೇ ದಿನ ನೋಡಿದರೆ ನಡುವಿನ ಭಾಗ ಹೊಳೆ ಕಡೆ ವಾಲಿದೆ. ತೂಗುಗುಂಡು ಬಿಟ್ಟು ಅಳೆದೆ, 4 ಸೆಂ.ಮೀ. ಬಂತು. ಬಿರುಕಿಗೆ ಸಿಮೆಂಟ್ ತುಂಬಿ, ಮುಂದೆ ಎರಡು ಆಸರೆ ಕಂಬ ಕಟ್ಟೋಣ ಅಂತಾರೆ ಗೌಂಡಿ. ಕಟ್ಟಿಸಲಾ?

ಕಲ್ಲು ಗಾರೆ:
ಕಟ್ಟಿಸಿ ಅಣ್ಣಾ. ನಮ್ಮ ಊರಲ್ಲಿ ಹಾಗೇ ಮಾಡಿದ್ದೇವೆ, ನಿಂತಿದೆ.

ಮಣ್ಣಿನ ಮಾಸ್ತರ:
ಸ್ವಲ್ಪ ತಡೀರಿ. ಮೊದಲು ಮೂರು ಮಾತು ಹೇಳಿ. ಗೋಡೆಯಲ್ಲಿ ನೀರು ಸೋರಲು ಪೈಪ್ ಬಿಟ್ಟಿದ್ದಾರಾ? ಅದರ ಹಿಂದೆ ಖಡಿ ಹಾಕಿದ್ದಾರಾ? ಅಂಗಳದಲ್ಲಿ ಬಚ್ಚಲ ನೀರು, ದನದ ತೊಟ್ಟಿ ನೀರು ಎಲ್ಲಿಗೆ ಹೋಗುತ್ತೆ?

ಹೊಳೆದಂಡಿ ರೈತ:
ಪೈಪ್ ಆರು ಇವೆ ಸರ್, 3 ಇಂಚಿನವು. ಅವುಗಳಿಂದ ಒಂದು ಹನಿ ಬಿದ್ದದ್ದು ನೋಡಿಲ್ಲ. ಹಿಂದೆ ನೀರೇ ಇಲ್ಲ ಅಂದುಕೊಂಡಿದ್ದೆ. ಖಡಿ ಹಾಕಿಲ್ಲ. ದನದ ತೊಟ್ಟಿ ಗೋಡೆಯಿಂದ ಐದು ಹೆಜ್ಜೆ ದೂರ. ಹೆಚ್ಚಾದ ನೀರು ಅಲ್ಲೇ ಇಂಗುತ್ತೆ.

ಮಣ್ಣಿನ ಮಾಸ್ತರ:
ಹಾಗಾದರೆ ರೋಗ ಅಲ್ಲೇ ಇದೆ. ಹೊಳೆ ತುಂಬಿದಾಗ ಮುಂದಿನ ನೀರು ಹಿಂದಿನ ನೀರನ್ನು ಒತ್ತಿ ಹಿಡಿದಿತ್ತು. ಹೊಳೆ ಒಂದೆರಡು ದಿನದಲ್ಲಿ ಇಳೀತು. ಆದರೆ ಎರೆಮಣ್ಣು ಕುಡಿದ ನೀರನ್ನು ಅಷ್ಟು ಬೇಗ ಬಿಡುವುದಿಲ್ಲ. ಮುಂದಿನ ಆಸರೆ ಹೋಯ್ತು, ಹಿಂದಿನ ಒತ್ತಡ ಉಳೀತು.

ಲೆಕ್ಕ ನೋಡಿ. 2.4 ಮೀಟರ್ ಗೋಡೆ ಹಿಂದೆ ಒಣ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣು ಇದ್ದರೆ, ಒಂದು ಮೀಟರ್ ಉದ್ದಕ್ಕೆ ತಳ್ಳುವ ಬಲ ಸುಮಾರು 1.7 ಟನ್. ಅದೇ ಗರಸಿನಲ್ಲಿ ಮೇಲಿನವರೆಗೆ ನೀರು ನಿಂತರೆ ನೀರೊಂದೇ 2.9 ಟನ್ ತಳ್ಳುತ್ತೆ. ಮಣ್ಣಿನದೂ ಸೇರಿದರೆ ಸುಮಾರು 3.8 ಟನ್. ಎರೆಮಣ್ಣು ನೆನೆದು ಉಬ್ಬುವುದು ಇನ್ನೂ ಬೇರೆ. ಆಸರೆ ಕಂಬ ಕಟ್ಟಿದರೂ ನೀರು ಒಳಗೇ ಇರುತ್ತೆ ಅಲ್ವಾ? ಬಿರುಕು ಮುಚ್ಚಿದರಂತೂ ಸೋರುವ ದಾರಿಯೂ ಹೋಯ್ತು.

ಇವತ್ತೇ ಒಂದು ಕಬ್ಬಿಣದ ಸರಳು ತಗೊಂಡು ಪೈಪಿನೊಳಗೆ ಚುಚ್ಚಿ. ಎದುರಿಗೆ ನಿಲ್ಲಬೇಡಿ, ಪಕ್ಕದಿಂದ ಚುಚ್ಚಿ.

ಹೊಳೆದಂಡಿ ರೈತ:
ಚುಚ್ಚಿದೆ ಸರ್. ಮೊದಲ ಪೈಪಿನಿಂದ ಕಪ್ಪು ಮಣ್ಣಿನ ಬಿರಡೆ ಬಂತು, ನಾದಿದ ಹಿಟ್ಟಿನ ಹಾಗೆ, ಪೈಪಿನ ಅಳತೆಗೆ ಸರಿಯಾಗಿ. ಆಮೇಲೆ ಕರಿ ನೀರು ದಾರದಷ್ಟು ಸಣ್ಣಗೆ ಸುರಿಯೋಕೆ ಶುರುವಾಯ್ತು. ಬೆಳಗಿನವರೆಗೂ ನಿಂತಿಲ್ಲ. ಮಳೆ ಬಿಟ್ಟು ಎಷ್ಟು ದಿನ ಆಯ್ತು!

ಮಣ್ಣಿನ ಮಾಸ್ತರ:
ಅದು ನಿಮ್ಮ ದನದ ತೊಟ್ಟಿ ನೀರು. ಅದನ್ನು ಮೊದಲು ಪೈಪ್ ಹಾಕಿ ದೂರ ಸಾಗಿಸಿ, ಖರ್ಚು ಕಡಿಮೆ.

ದೊಡ್ಡ ಕೆಲಸ ಬೇಸಿಗೆಯಲ್ಲಿ. ಹಿಂದಿನ ಎರೆಮಣ್ಣು ತೆಗೀರಿ, ಆದರೆ ಒಂದೇ ಸಲ ಅಲ್ಲ. ಎರಡೆರಡು ಮೀಟರ್ ಅಗೆದು, ತುಂಬಿ, ಮುಂದೆ ಹೋಗಿ. ಅಗೆದ ಗುಂಡಿಯ ಬದಿಗೆ ಇಳಿಜಾರು ಕೊಡಿ. ನೆಟ್ಟಗೆ ಕಡಿದರೆ ಒಳಗಿನ ಆಳಿನ ಮೇಲೆ ಬೀಳುತ್ತೆ. ಗೋಡೆಗೆ ತಾಗಿ ಒಂದೂವರೆ ಅಡಿ ಅಗಲ 20ರಿಂದ 40 ಮಿ.ಮೀ. ಖಡಿ. ಖಡಿ ಮತ್ತು ಮಣ್ಣಿನ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ನೇಯದೇ ಇರುವ ಜಾತಿಯದು. ಪ್ಲಾಸ್ಟಿಕ್ ತಾಡಪತ್ರಿ ಹಾಕಬೇಡಿ, ನೀರೂ ದಾಟಲ್ಲ. ಉಳಿದ ಜಾಗಕ್ಕೆ ಗರಸು, ಅರ್ಧ ಅರ್ಧ ಅಡಿ ತುಂಬಿ ದಮ್ಮಸ್ಸು ಹೊಡೀರಿ. ಗೋಡೆ ಹತ್ತಿರ ರೋಲರ್ ತರಬೇಡಿ, ಕೈ ದಮ್ಮಸ್ಸು ಸಾಕು. ಅಂಗಳದ ಇಳಿಜಾರು ಗೋಡೆಯಿಂದ ಹಿಂದಕ್ಕೆ ಇರಲಿ. ಪೈಪ್ ಒಂದೂವರೆ ಮೀಟರ್‌ಗೆ ಒಂದರಂತೆ ಬೇಕು. ನಿಮ್ಮ ಆರು ಸಾಲಲ್ಲ.

ಇಷ್ಟು ಮಾಡುವ ಮೊದಲು ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಬಂದು ಪಾಯ ನೋಡಲಿ. ಹೊಳೆ ತಿರುವಿನಲ್ಲಿ ಬುಡದ ಮಣ್ಣು ಕೊಚ್ಚಿ ಹೋಗಿದ್ದರೆ ಹಿಂದೆ ಎಷ್ಟು ಖಡಿ ಹಾಕಿದರೂ ವ್ಯರ್ಥ. ಬುಡಕ್ಕೆ ದೊಡ್ಡ ಕಲ್ಲಿನ ಪಿಚ್ಚಿಂಗ್, ಅಂದರೆ ಕಲ್ಲು ಜೋಡಿಸಿದ ಹೊದಿಕೆ ಬೇಕಾಗುತ್ತೆ. ಅಲ್ಲಿವರೆಗೆ ಬಿರುಕಿನ ಎರಡೂ ಕಡೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿಡಿ, ವಾರಕ್ಕೊಮ್ಮೆ ಅಳೀರಿ.

ಕಲ್ಲು ಗಾರೆ:
ನಾನು ಅವಸರ ಮಾಡಿದೆ ಬಿಡಿ. ಮಾಸ್ತರೇ, ಮಣ್ಣು ಎಷ್ಟು ಉಬ್ಬುತ್ತೆ ಅಂತ ಮನೆಯಲ್ಲೇ ನೋಡಬಹುದಾ?

ಮಣ್ಣಿನ ಮಾಸ್ತರ:
ನೋಡಬಹುದು. ಒಣಗಿಸಿ ಸಣ್ಣಗೆ ಜರಡಿ ಹಿಡಿದ ಮಣ್ಣು 10 ಗ್ರಾಂನಂತೆ ಎರಡು ಅಳತೆ ಗಾಜಿಗೆ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಚಿಮಣಿ ಎಣ್ಣೆ. ಒಂದು ದಿನ ಬಿಟ್ಟು ಅಳೀರಿ. ಎಣ್ಣೆಯಲ್ಲಿ ಮಣ್ಣು ಉಬ್ಬಲ್ಲ. ನೀರಿನದು ಅದಕ್ಕಿಂತ ಅರ್ಧದಷ್ಟು ಜಾಸ್ತಿ ನಿಂತಿದ್ದರೆ ಆ ಮಣ್ಣು ಗೋಡೆ ಹಿಂದೆ ಬೇಡವೇ ಬೇಡ. ಈಗ ಚಿಮಣಿ ಎಣ್ಣೆ ಸಿಗುವುದೇ ಕಷ್ಟ, ಅದು ಬೇರೆ ಮಾತು.

ಹೊಳೆದಂಡಿ ರೈತ:
ಜೂನ್ ಮೊದಲ ವಾರ ಕೆಲಸ ಮುಗೀತು. ಬುಡ ಗಟ್ಟಿ ಇದೆ ಅಂದರು ಇಂಜಿನಿಯರ್. ಪೈಪ್ ಈಗ ಹತ್ತು. ಮೊನ್ನೆ ಹೊಳೆ ಅರ್ಧ ಗೋಡೆವರೆಗೆ ಬಂದು ಇಳೀತು, ಹತ್ತೂ ಪೈಪಿನಿಂದ ತಿಳಿ ನೀರು ಬಂತು. ಪೆನ್ಸಿಲ್ ಗೆರೆ ಅಲುಗಿಲ್ಲ. ಒಂದೇ ತೊಂದರೆ, ಎರಡು ಪೈಪಿನೊಳಗೆ ಏಡಿ ಸೇರಿಕೊಂಡಿವೆ. ಬಾಯಿಗೆ ಜಾಳಿಗೆ ಕಟ್ಟಲಾ?

ಮಣ್ಣಿನ ಮಾಸ್ತರ:
ಕಟ್ಟಿ, ಬೆರಳು ತೂರುವಷ್ಟು ಕಣ್ಣಿನದು. ಸೊಳ್ಳೆ ಜಾಳಿಗೆ ಕಟ್ಟಿದರೆ ಕೆಸರು ಕೂತು ಮತ್ತೆ ಬಿರಡೆ ಆಗುತ್ತೆ.